ಮೂರನೇ ದಾನಿ ನಿಮಗೆ ಏನಾಗಬೇಕು?

ಆ ಕಟ್ಟಡದಲ್ಲಿ ಎಲ್ಲರೂ ಅವಳನ್ನು ಕರೆಯುವುದು ಸೆಲ್ಲಕ್ಕ ಎಂದು. ಮೂರನೇ ಮಹಡಿಯ ಕೊನೆಯಲ್ಲಿ, ಜೀವಕೋಶ ಬೆಳೆಸುವ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕಳೆದವಳಿಗೆ ಇನ್ನೊಂದು ಹೆಸರು ಯಾಕೆ ಬೇಕು ಹೇಳಿ. ಹೊಸದಾಗಿ ಬಂದ ಕಾವಲುಗಾರನೊಬ್ಬ ಆ ಹೆಸರು ಕೇಳಿದವನೇ ಒಂದು ಮಧ್ಯಾಹ್ನ ತನ್ನ ಮೊಬೈಲನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಮೇಲೆ ಬಂದುಬಿಟ್ಟಿದ್ದ. "ಅಕ್ಕಾ, ಇಲ್ಲಿ ಸೆಲ್ ನೋಡ್ಕೊಳ್ಳೋರು ನೀವೇ ಅಂತೆ. ಎರಡು ದಿನದಿಂದ ಚಾರ್ಜೇ ಆಗ್ತಿಲ್ಲ." ಅವಳು ಮುಖ ಗಂಟಿಕ್ಕಿಕೊಂಡೇ, "ನನ್ನ ಸೆಲ್‌ಗಳು ಚಾರ್ಜ್ ಕೇಳಲ್ಲಪ್ಪ, ಹೊಟ್ಟೆಗೆ ಕೇಳ್ತವೆ" ಎಂದು ಅವನನ್ನು ಕಳಿಸಿದಳು. ಅವನು ಮೆಟ್ಟಿಲು ಇಳಿದ ಮೇಲೆ ಬಾಗಿಲು ಹಾಕಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸಂಜೆ ಮನೆಗೆ ಹೋದಾಗ ಅದನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ. ಅಮ್ಮ ಇದ್ದಿದ್ದರೆ ಹೇಳಬಹುದಿತ್ತು. ಹದಿನಾಲ್ಕು ವರ್ಷ ಹಾಸಿಗೆ ಹಿಡಿದಿದ್ದ ಅಮ್ಮ ಹೋಗಿ ಒಂಬತ್ತು ವರ್ಷವಾಗಿತ್ತು. ಮದುವೆ, ಮಕ್ಕಳು ಎಂಬುದೆಲ್ಲ ಆ ಹದಿನಾಲ್ಕು ವರ್ಷದಲ್ಲಿ ಯಾವಾಗಲೋ ಸದ್ದಿಲ್ಲದೆ ದಾಟಿಹೋಗಿದ್ದವು. ಒಡಹುಟ್ಟಿದವರಿಲ್ಲ. ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ, ಕೆಳಗಿನಿಂದ ಬರುವ ಹೊಲಿಗೆ ಯಂತ್ರದ ಸದ್ದು, ಆರಕ್ಕೆ ಅದೂ ನಿಲ್ಲುತ್ತಿತ್ತು.

ಅವಳ ಕೆಲಸ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಪ್ರಾಣಸಂಕಟ. ರಕ್ತದಿಂದ ಒಂದು ಜಾತಿಯ ಬಿಳಿಕೋಶವನ್ನು ಬೇರ್ಪಡಿಸಬೇಕು. ಸಹಾಯಕ ಟಿ ಕೋಶ ಎಂದು ಅದಕ್ಕೆ ಹೆಸರು. ಅದರಲ್ಲೂ ಇನ್ನೂ ಯಾವ ರೋಗಾಣುವಿನ ಮುಖವನ್ನೂ ನೋಡದ, ಏನೂ ಆಗದೆ ಸುಮ್ಮನೆ ತಿರುಗಾಡಿಕೊಂಡಿರುವ ಎಳೆಯವು ಬೇಕು. ಪರೀಕ್ಷೆ ಮುಗಿಸಿ, ಮುಂದೇನು ಓದಬೇಕೆಂದು ಗೊತ್ತಿಲ್ಲದೆ ಮನೆಯಲ್ಲಿ ಕೂತ ಮಕ್ಕಳ ಹಾಗಿರುತ್ತವೆ ಅವು. ಅವನ್ನು ತೊಂಬತ್ತಾರು ಪುಟ್ಟ ಗುಂಡಿಗಳಿರುವ ಪ್ಲಾಸ್ಟಿಕ್ ತಟ್ಟೆಗೆ ಹಾಕಿ, ಒಂದೊಂದು ಸಾಲಿಗೆ ಒಂದೊಂದು ಬಗೆಯ ಸಂಕೇತದ ದ್ರವ ಬಿಟ್ಟು, ಮೈಬಿಸಿಯಷ್ಟೇ ಬಿಸಿಯಿರುವ ಪೆಟ್ಟಿಗೆಯಲ್ಲಿ ಐದು ದಿನ ಇಡಬೇಕು. ಅಷ್ಟರಲ್ಲಿ ಆ ಕೋಶ ಏನೋ ಒಂದು ಆಗಿಬಿಡುತ್ತದೆ.

ಏನಾಗಬೇಕು ಎಂದು ತೀರ್ಮಾನ ಮಾಡುವವರು ಕೋಶದ ಒಳಮನೆಯಲ್ಲೇ ಇರುತ್ತಾರೆ. ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂಬ ಪ್ರೋಟೀನುಗಳು ಅವು. ಹೊರಗಿನಿಂದ ಸಂಕೇತ ಬಂದ ಕೂಡಲೇ ಅವುಗಳಲ್ಲೊಂದು ಎದ್ದು ಜೀನುಗಳ ಮೇಲೆ ಕೂತು, ಇದನ್ನು ತೆರೆ, ಅದನ್ನು ಮುಚ್ಚು ಎಂದು ಯಜಮಾನಿಕೆ ಶುರು ಮಾಡುತ್ತದೆ. ಟಿ-ಬೆಟ್ ಗೆದ್ದರೆ ಕೋಶದೊಳಗೆ ಅವಿತ ರೋಗಾಣುವನ್ನು ಹೊಡೆಯುವ ಪಡೆ ತಯಾರಾಗುತ್ತದೆ. ಗಾಟಾ-ಮೂರು ಗೆದ್ದರೆ ಹೊಟ್ಟೆಯ ಹುಳುವಿನ ಮೇಲೆ ಹೋಗುವ ಪಡೆ. ಧೂಳು ಕಂಡರೆ ಸೀನಿಸುವವರೂ ಇದರ ಕಡೆಯವರೇ. ಇವೆರಡಕ್ಕೂ ಒಂದರ ಮುಖ ಕಂಡರೆ ಇನ್ನೊಂದಕ್ಕಾಗದು, ಒಂದು ಎದ್ದರೆ ಇನ್ನೊಂದನ್ನು ಅದುಮಿಯೇ ಇಡುತ್ತದೆ. ಮೂರನೆಯದು ರಾರ್-ಗಾಮಾ-ಟಿ, ಊತ, ಉರಿ ಎಬ್ಬಿಸುವ ಸಿಡುಕ. ನಾಲ್ಕನೆಯದು ಫಾಕ್ಸ್‌ಪಿ-ಮೂರು. ಇದು ಗೆದ್ದ ಕೋಶ ಯಾರನ್ನೂ ಹೊಡೆಯುವುದಿಲ್ಲ, ಹೊಡೆಯುತ್ತಿರುವವರ ರಟ್ಟೆ ಹಿಡಿದು "ಸಾಕು ಬಿಡ್ರಪ್ಪ, ಇದು ನಮ್ಮದೇ ಮನೆ" ಎನ್ನುತ್ತದೆ. ಇದು ಸೋತವರ ಮೈಯಲ್ಲಿ ಪಡೆ ತನ್ನ ಮನೆಯವರನ್ನೇ ಬಡಿಯಲು ಹೊರಡಬಹುದು. ತಮಾಷೆಯೆಂದರೆ ಈ ಸಿಡುಕನೂ ಈ ಸಮಾಧಾನಿಯೂ ಎಚ್ಚರಗೊಳ್ಳುವುದು ಒಂದೇ ದ್ರವಕ್ಕೆ, ಹೆಚ್ಚುಕಡಿಮೆ ಒಂದೇ ಗಳಿಗೆಗೆ. ಒಂದೆರಡು ದಿನ ಇಬ್ಬರೂ ಒಂದೇ ಕೋಶದಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ಇರುತ್ತಾರೆ, ಆಮೇಲೆ ಒಬ್ಬರು ಇನ್ನೊಬ್ಬರನ್ನು ಕೂರಿಸಿಬಿಡುತ್ತಾರೆ. ಯಾರು ಯಾರನ್ನು, ಯಾಕೆ ಎಂಬುದೇ ಆ ಪ್ರಯೋಗಾಲಯದ ಹದಿನೈದು ವರ್ಷದ ತಲೆನೋವು.

ಅದಕ್ಕೆ ರೋಗಿಗಳ ರಕ್ತವೂ ಬೇಕು, ಹೋಲಿಸಿ ನೋಡಲು ಆರೋಗ್ಯವಂತರ ರಕ್ತವೂ ಬೇಕು. ರೋಗಿಗಳು ಸಿಗುತ್ತಿದ್ದರು, ಗಟ್ಟಿಮುಟ್ಟಾದವರು ಸೂಜಿ ಕಂಡರೆ ಮಾಯ. ಹನ್ನೆರಡು ವರ್ಷದ ಹಿಂದೆ ಪ್ರೊಫೆಸರು ಸಭೆಯಲ್ಲಿ "ನಮ್ಮೊಳಗೇ ಯಾರಾದರೂ?" ಎಂದು ಕೇಳಿದಾಗ, ಇಪ್ಪತ್ತು ಜನರಲ್ಲಿ ಕೈ ಎತ್ತಿದವಳು ಸೆಲ್ಲಕ್ಕ ಒಬ್ಬಳೇ. ಆವತ್ತಿನಿಂದ ಪ್ರತಿ ತಿಂಗಳ ಮೊದಲ ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಅವಳು ನೆಲಮಹಡಿಯ ನರ್ಸಮ್ಮನ ಕೋಣೆಗೆ ಹೋಗಿ ತೋಳು ಚಾಚಿ ಕೂರುತ್ತಿದ್ದಳು.

ದಾನಿಗಳ ಹೆಸರು ಯಾರಿಗೂ ಗೊತ್ತಾಗಬಾರದೆಂಬುದು ನಿಯಮ. ಮೇಲಿನ ಮಹಡಿಯವರಿಗೆ ಬರುವುದು ಬರೀ ಸಂಖ್ಯೆ. ಹೆಸರಿನ ಪಟ್ಟಿ ನರ್ಸಮ್ಮನ ಬೀರುವಿನಲ್ಲಿ ಬೀಗದೊಳಗೆ. ಆದರೆ ತಾನೇ ಕೊಟ್ಟ ರಕ್ತ ಇಪ್ಪತ್ತು ನಿಮಿಷದೊಳಗೆ ತನ್ನ ಕೋಣೆಗೇ ಬಂದಾಗ ಯಾವ ನಿಯಮ ಏನು ಮಾಡೀತು? ಮೊದಲ ಮಂಗಳವಾರದ ನಳಿಕೆಗಳ ಮೇಲೆ "ದಾನಿ ೩" ಎಂದಿರುತ್ತಿತ್ತು, ಕೈಗೆತ್ತಿಕೊಂಡರೆ ಇನ್ನೂ ಬೆಚ್ಚಗಿರುತ್ತಿತ್ತು. ಎರಡನೇ ತಿಂಗಳಲ್ಲೇ ಅವಳಿಗೆ ಗೊತ್ತಾಯಿತು, ಗೊತ್ತಾಗದಂತೆ ಇದ್ದುಬಿಟ್ಟಳು.

ಅವಳಿಗೆ ಆ ಮಂಗಳವಾರ ಎಂದರೆ ಇಷ್ಟ. ಸೂಜಿ ತೆಗೆದ ಮೇಲೆ ನರ್ಸಮ್ಮ ಹತ್ತಿಯಿಟ್ಟು ಎರಡು ನಿಮಿಷ ತೋಳನ್ನು ಒತ್ತಿ ಹಿಡಿಯುತ್ತಿದ್ದಳು. ಹಿಡಿದುಕೊಂಡೇ ಕಿಟಕಿಯಾಚೆ ನೋಡುತ್ತ ತನ್ನ ಮಗಳ ಹಟ, ಬಸ್ಸಿನ ಗೋಳು ಏನಾದರೊಂದು ಹೇಳುತ್ತಿದ್ದಳು. ತಿಂಗಳಲ್ಲಿ ಇನ್ನೊಬ್ಬರ ಕೈ ಅವಳ ಮೈಗೆ ತಾಗುತ್ತಿದ್ದುದು ಆ ಎರಡು ನಿಮಿಷ ಮಾತ್ರ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಹೇಳುವ ಮಾತೂ ಅಲ್ಲ.

ಇನ್ನೊಂದು ಗುಟ್ಟಿನ ಸಂತೋಷವೂ ಇತ್ತು. ದಾನಿ ಮೂರು ಆ ಪ್ರಯೋಗಾಲಯದಲ್ಲಿ ಹೆಸರುವಾಸಿ. ಅವಳ ಕೋಶಗಳು ಹೇಳಿದ ಮಾತು ಕೇಳುತ್ತಿದ್ದವು. ಸಮಾಧಾನದ ಸಂಕೇತ ಬಿಟ್ಟರೆ ನೂರರಲ್ಲಿ ಅರವತ್ತು ಕೋಶಗಳು ಚಾಚೂ ತಪ್ಪದೆ ಫಾಕ್ಸ್‌ಪಿ-ಮೂರನ್ನು ಎಬ್ಬಿಸುತ್ತಿದ್ದವು. ಅದನ್ನು ನೋಡುವುದಕ್ಕೆ ಕೋಶದ ಒಳಮನೆಗೆ ತೂತು ಮಾಡಿ ಬಣ್ಣ ನುಗ್ಗಿಸಿ ಲೇಸರ್ ಯಂತ್ರಕ್ಕೆ ಕೊಡಬೇಕು. ಪರದೆಯ ಮೇಲೆ ಒಂದೊಂದು ಕೋಶವೂ ಒಂದೊಂದು ಚುಕ್ಕಿಯಾಗಿ ಬೀಳುತ್ತದೆ. "ಮೂರನೇ ದಾನಿ ಬಂಗಾರ ಅಕ್ಕ, ಬಂಗಾರ!" ಎಂದು ಸಂಶೋಧಕಿ ಗಡಿಬಿಡಿ ಪರದೆಯ ಮುಂದೆ ಕೂತು ಹೇಳುವಾಗ ಸೆಲ್ಲಕ್ಕ ಪಕ್ಕದಲ್ಲಿ ನಿಂತು ತಟ್ಟೆ ತೊಳೆಯುವವಳಂತೆ ತಲೆ ತಗ್ಗಿಸಿಕೊಳ್ಳುತ್ತಿದ್ದಳು. ಕಿವಿ ಕೆಂಪಾಗುತ್ತಿತ್ತು.

ಗಡಿಬಿಡಿ ಎಂಬುದು ಆ ಸಂಶೋಧಕಿಗೆ ಅಲ್ಲಿ ಬಿದ್ದ ಅಡ್ಡಹೆಸರು. ಮೂವತ್ತೆರಡರ ಹೆಣ್ಣು, ಮನೆಯಲ್ಲಿ ಗಂಡ, ಎರಡು ವರ್ಷದ ಮಗು. ಕೋಟು ತಿರುಗುಮುರುಗು ಹಾಕಿಕೊಂಡು ಅರ್ಧ ದಿನ ಓಡಾಡುವವಳು. ಊಟದ ಡಬ್ಬಿಯನ್ನು ರಾಸಾಯನಿಕದ ಫ್ರಿಜ್ಜಿನಲ್ಲಿಟ್ಟು ಸೆಲ್ಲಕ್ಕನ ಕೈಲಿ ಬೈಸಿಕೊಂಡಿದ್ದಳು. ಬೈಸಿಕೊಂಡ ಮೇಲೆ ಸೆಲ್ಲಕ್ಕನ ಡಬ್ಬಿಯಲ್ಲೇ ಅರ್ಧ ತಿಂದಿದ್ದಳು ಕೂಡ. ನಾಲ್ಕು ವರ್ಷದಲ್ಲಿ ಇಬ್ಬರೂ ದಿನಕ್ಕೆ ಹತ್ತು ಸಲ ಮಾತಾಡುತ್ತಿದ್ದರು, ಎಲ್ಲವೂ ಕೋಶದ ವಿಷಯವೇ.

ರಕ್ತ ಕೊಡಲು ಶುರು ಮಾಡಿದ ಹನ್ನೆರಡನೇ ವರ್ಷದ ಎರಡನೇ ತಿಂಗಳಲ್ಲಿ ದಾನಿ ಮೂರರ ಅರವತ್ತು ನಲವತ್ತಕ್ಕೆ ಇಳಿಯಿತು.

"ಅಕ್ಕ, ಆ ಸಂಕೇತದ ದ್ರವ ಹಳೇದಾಗಿತ್ತಾ?" ಎಂದಳು ಗಡಿಬಿಡಿ.

ಸೆಲ್ಲಕ್ಕನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಇಪ್ಪತ್ತಾರು ವರ್ಷದಲ್ಲಿ ಅವಳು ಹಳೆಯ ದ್ರವ ಬಳಸಿದವಳಲ್ಲ. "ಅದೇ ತಟ್ಟೇಲಿ ಬೇರೆ ಇಬ್ಬರು ದಾನಿಗಳದ್ದೂ ಇತ್ತಲ್ಲ, ಅವರದ್ದು ಸರಿಯಾಗಿ ಬಂದಿದೆ ನೋಡು" ಎಂದಳು. ಮುಂದಿನ ತಿಂಗಳು ಹೊಸ ಶೀಶೆ ಒಡೆದಳು. ಮೂವತ್ತೊಂದು ಬಂತು. ಅದರ ಮುಂದಿನ ತಿಂಗಳು ದ್ರವ, ತಟ್ಟೆ, ಬಣ್ಣ, ಎಲ್ಲ ಹೊಸದು. ಇಪ್ಪತ್ತೆರಡು. ಸಾಲದ್ದಕ್ಕೆ, ಯಾರೂ ಕರೆಯದಿದ್ದರೂ ಆ ಸಿಡುಕ ರಾರ್-ಗಾಮಾ-ಟಿ ಅರ್ಧದಷ್ಟು ಕೋಶಗಳಲ್ಲಿ ತಾನಾಗಿಯೇ ಎದ್ದು ಕೂತಿತ್ತು.

ಪರದೆಯ ಮೇಲೆ ಚುಕ್ಕಿಗಳ ಗುಂಪು ಬಲಗಡೆಯಿಂದ ಎಡಗಡೆಗೆ ಸರಿದಿದ್ದನ್ನು ಅವಳು ಒಬ್ಬಳೇ ಕೂತು ನೋಡಿದಳು. ಐದು ತಿಂಗಳಿಂದ ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಬಿಸಿನೀರಲ್ಲಿ ಮುಕ್ಕಾಲು ಗಂಟೆ ಅದ್ದಿದ ಮೇಲೆ ಹಲ್ಲುಜ್ಜುವ ಬ್ರಷ್ ಹಿಡಿಯಲಾಗುತ್ತಿತ್ತು. ಅದಕ್ಕೆ ಅವಳು ಕೊಟ್ಟುಕೊಂಡ ಹೆಸರು ಪಿಪೆಟ್ ಹೆಬ್ಬೆರಳು. ಹನಿಹನಿಯಾಗಿ ದ್ರವ ಅಳೆದು ಹಾಕುವ ಪಿಪೆಟ್ಟಿನ ಗುಂಡಿಯನ್ನು ದಿನಕ್ಕೆ ಎರಡು ಸಾವಿರ ಸಲ ಒತ್ತುವವರಿಗೆಲ್ಲ ಬರುವ ನೋವು ಅದು. ಹೆಬ್ಬೆರಳಿಗೆ ಬರುವ ನೋವು ಪಿಪೆಟ್ ಮುಟ್ಟದ ಎಡಗೈಗೂ, ಕಾಲಿನ ಬೆರಳಿಗೂ ಯಾಕೆ ಬಂತು ಎಂದು ಬೇರೆ ಯಾರಾದರೂ ಆಗಿದ್ದರೆ ಕೇಳುತ್ತಿದ್ದರು. ಅವಳು ಕೇಳಿಕೊಂಡಿರಲಿಲ್ಲ. ಒಂದು ತಟ್ಟೆಯ ಲೆಕ್ಕ ನೋಡಿ ಕಾಯಿಲೆ ಹೇಳುವುದಕ್ಕಾಗುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಆದರೂ ಮೂರು ತಟ್ಟೆಗಳು ಒಂದೇ ಮಾತು ಹೇಳುತ್ತಿದ್ದವು.

ಬಾಯಿಬಿಟ್ಟರೆ ಏನಾಗುತ್ತದೆಂದೂ ಗೊತ್ತಿತ್ತು. ಆರೋಗ್ಯವಂತರ ಪಟ್ಟಿಯಿಂದ ಹೊರಗೆ. ಮೊದಲ ಮಂಗಳವಾರ ಇಲ್ಲ, ನರ್ಸಮ್ಮನ ಎರಡು ನಿಮಿಷ ಇಲ್ಲ, ಬಂಗಾರ ಎನ್ನುವವರಿಲ್ಲ. ಈ ಭೂಮಿಯ ಮೇಲೆ ಇಂಥ ದಿನ, ಇಂಥ ಹೊತ್ತಿಗೆ ಅವಳು ಬಂದೇ ಬರುತ್ತಾಳೆಂದು ಕಾಯುತ್ತಿದ್ದ ಕುರ್ಚಿ ಅದೊಂದೇ. ಅದನ್ನು ಕಳೆದುಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ. ಬೆರಳು ನೋಯಲಿ, ನೋವು ತಿಂದುಕೊಂಡು ಇದ್ದರಾಯಿತು ಎಂದುಕೊಂಡಳು. ಎರಡು ವಾರ ಹಾಗೇ ಇದ್ದಳು.

ಅಷ್ಟರಲ್ಲಿ ಗಡಿಬಿಡಿ ತನ್ನ ಪ್ರಬಂಧ ಬರೆಯಲು ಕೂತಳು. ಒಂದು ಮಧ್ಯಾಹ್ನ ಕೋಶದ ಕೋಣೆಗೆ ಬಂದು, ದಾನಿಗೊಂದು ಚುಕ್ಕಿಯಿಟ್ಟ ಚಿತ್ರದ ಹಾಳೆಯೊಂದನ್ನು ಸೆಲ್ಲಕ್ಕ ಕೈಯಿಟ್ಟು ಕೆಲಸ ಮಾಡುವ ಹುಡ್ಡೆಂಬ ಗಾಳಿಗೂಡಿನ ಗಾಜಿಗೆ ಅಂಟಿಸಿ, "ಅಕ್ಕ, ಈ ಮೂರನೇ ದಾನಿಯನ್ನ ತೆಗೆದುಬಿಡ್ತೀನಿ. ಒಂದೇ ಒಂದು ಚುಕ್ಕಿ ಇಡೀ ಚಿತ್ರ ಹಾಳುಮಾಡ್ತಿದೆ. ಕೈತಪ್ಪು ಅಂತ ಬರೆದರೆ ಮುಗೀತು" ಎಂದಳು.

"ಯಾರ ಕೈತಪ್ಪು?"

"ಯಾರದ್ದೋ. ಅದು ಹೆಸರು ಹಾಕಿ ಬರೆಯೋ ವಿಷಯ ಅಲ್ಲ ಅಕ್ಕ."

"ಆ ಕೈ ನಂದೇ ಅಲ್ವೇನೇ? ಮೂರು ಸಲ ಮಾಡಿದೀನಿ. ಮೂರು ಸಲಾನೂ ಅದೇ ಬಂದಿದೆ. ಚೆನ್ನಾಗಿ ಕಾಣಲ್ಲ ಅಂತ ಕಿತ್ತು ಎಸೀತೀಯಾ? ಹನ್ನೆರಡು ವರ್ಷ ಹೇಳಿದ್ದಕ್ಕೆಲ್ಲ ತಲೆ ಆಡಿಸಿದ ಕೋಶ ಅದು. ಈಗ ಏನೋ ಹೇಳ್ತಿದೆ ಅಂದ್ರೆ ಕೇಳ್ಬೇಕು ತಾನೇ?"

ಸೆಲ್ಲಕ್ಕ ದನಿ ಏರಿಸಿದ್ದನ್ನು ಆ ಕೋಣೆ ಕೇಳಿದ್ದು ಅದೇ ಮೊದಲು. ಗಡಿಬಿಡಿಗೆ ಗಾಬರಿಯ ಜೊತೆಗೆ ನಗುವೂ ಬಂತು. "ಅಬ್ಬಬ್ಬಾ! ಈ ಮೂರನೇ ದಾನಿ ನಿಮಗೆ ಏನಾಗಬೇಕಕ್ಕ? ಇಷ್ಟೊಂದು ವಹಿಸಿಕೊಂಡು ಮಾತಾಡ್ತಿದೀರಲ್ಲ. ಅಣ್ಣನಾ, ತಮ್ಮನಾ?"

ಸೆಲ್ಲಕ್ಕ ಕೈಯಲ್ಲಿದ್ದ ಪಿಪೆಟ್ಟನ್ನು ಅದರ ಗೂಟಕ್ಕೆ ಸಿಕ್ಕಿಸಿದಳು. ಎರಡು ಸಲ ತಪ್ಪಿ ಮೂರನೇ ಸಲ ಸಿಕ್ಕಿಕೊಂಡಿತು.

"ನಾನೇ" ಎಂದಳು.

ಗಡಿಬಿಡಿ ಅವಳ ಮುಖ ನೋಡಿದಳು, ಹಾಳೆ ನೋಡಿದಳು, ಮತ್ತೆ ಮುಖ ನೋಡಿದಳು. ಆಮೇಲೆ ಅವಳ ಬಾಯಿಂದ ಮೊದಲು ಹೊರಟ ಮಾತು ಇದು: "ಅಯ್ಯೋ, ಹಾಗಾದ್ರೆ ಹೊಸ ದಾನಿ ಹುಡುಕ್ಬೇಕಲ್ಲ!"

ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡಳು, ಕಣ್ಣು ದೊಡ್ಡದಾಯಿತು, ಏನೋ ಹೇಳಲು ಹೋದಳು. ಸೆಲ್ಲಕ್ಕ, "ಹೌದು, ಹುಡುಕ್ಬೇಕು" ಎಂದು ಹುಡ್ಡಿನ ಕಡೆ ತಿರುಗಿದಳು. ಗಡಿಬಿಡಿಯ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಅವಳ ಜಾಗದಲ್ಲಿ ತಾನಿದ್ದರೂ ಅದನ್ನೇ ಹೇಳುತ್ತಿದ್ದೆ ಅನ್ನಿಸಿತು, ಅದಕ್ಕೇ ಹೆಚ್ಚು ನೋವಾಯಿತು.

ಪ್ರೊಫೆಸರು ಒಳ್ಳೆಯವರು. ಕರೆಸಿ ಕೂರಿಸಿ, ಹನ್ನೆರಡು ವರ್ಷದ ಉಪಕಾರ ಮರೆಯುವುದಿಲ್ಲ ಎಂದರು. ಪ್ರಬಂಧದಲ್ಲಿ ಆ ಚುಕ್ಕಿ ಉಳಿಯುತ್ತದೆ, ಹನ್ನೊಂದು ವರ್ಷದ್ದು ಆರೋಗ್ಯವಂತರ ಸಾಲಿನಲ್ಲಿ, ಈ ವರ್ಷದ್ದು ಬೇರೆಯಾಗಿ, ಕಾರಣ ಸಮೇತ ಎಂದರು. ಅವಳ ಬೆರಳಿನ ನೋವಿನ ಮಾತು ಕೇಳಿ ಕೀಲಿನ ಡಾಕ್ಟರರೊಬ್ಬರ ಹೆಸರು ಚೀಟಿಯಲ್ಲಿ ಬರೆದುಕೊಟ್ಟರು. "ಮನೆಯವರನ್ನ ಕರ್ಕೊಂಡು ಬೇಗ ಹೋಗಿ ಬನ್ನಿ" ಎಂದೂ ಹೇಳಿದರು. ಅವಳು ತಲೆಯಾಡಿಸಿದಳು.

ಮುಂದಿನ ತಿಂಗಳ ಮೊದಲ ಮಂಗಳವಾರ ಒಂಬತ್ತಕ್ಕೆ ಅವಳ ಕಾಲು ತಾನಾಗಿ ನೆಲಮಹಡಿಗೆ ಇಳಿಯಿತು. ಬಾಗಿಲು ಅರ್ಧ ತೆರೆದಿತ್ತು. ಆ ಕುರ್ಚಿಯಲ್ಲಿ ಲೆಕ್ಕಪತ್ರ ವಿಭಾಗದ ದಪ್ಪ ಮನುಷ್ಯ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ತೋಳು ಚಾಚಿದ್ದ. ನರ್ಸಮ್ಮ ಹತ್ತಿ ಒತ್ತಿ ಹಿಡಿದು ಕಿಟಕಿಯಾಚೆ ನೋಡುತ್ತ ಮಗಳ ವಿಷಯ ಹೇಳುತ್ತಿದ್ದಳು. ಸೆಲ್ಲಕ್ಕ ಬಂದ ದಾರಿಯಲ್ಲೇ ಮೇಲೆ ಹೋದಳು. ಇಪ್ಪತ್ತು ನಿಮಿಷಕ್ಕೆ ನಳಿಕೆ ಬಂತು. ದಾನಿ ೭. ಬೆಚ್ಚಗಿತ್ತು. ಅದರ ಕೋಶಗಳನ್ನು ಅವಳು ಎಂದಿನ ಹಾಗೆಯೇ ಜತನದಿಂದ ಬೇರ್ಪಡಿಸಿ ತಟ್ಟೆಗೆ ಹಾಕಿದಳು, ಒಂದು ಹನಿಯೂ ಆಚೀಚೆಯಾಗದಂತೆ.

ಕೀಲಿನ ಡಾಕ್ಟರು ಅವಳ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲ ಆಯಿತು. ಮೈಯ ಪಡೆ ಸ್ವಂತ ಕೀಲನ್ನೇ ಶತ್ರುವೆಂದು ಬಗೆದು ಹೊಡೆಯುತ್ತಿದೆ ಎಂದು ಅವರು ಸುಲಭದ ಮಾತಿನಲ್ಲಿ ವಿವರಿಸಿದರು. ಅವಳು ಮಧ್ಯೆ ಬಾಯಿ ಹಾಕಲಿಲ್ಲ. "ಇಷ್ಟು ದಿನ ಯಾಕೆ ಬರಲಿಲ್ಲ? ಮನೇಲಿ ಯಾರೂ ಗಮನಿಸಲಿಲ್ವಾ?" ಎಂದರು. "ಪಿಪೆಟ್ಟಿಂದ ಅಂದ್ಕೊಂಡಿದ್ದೆ" ಎಂದಳು. ಮೊದಲಿಗೆ ಮಾತ್ರೆಗಳು, ಅದಕ್ಕೆ ಬಗ್ಗದಿದ್ದಾಗ ಮೂರನೇ ತಿಂಗಳಿಗೆ ಡ್ರಿಪ್ಪಿನ ಔಷಧಿ ಎಂದು ತೀರ್ಮಾನವಾಯಿತು. ಅರ್ಧ ದಿನ ಮಲಗಿಸಿ ಕೊಡುವಂಥದ್ದು. ಮೊದಲ ಸಲ ಕೆಲವರಿಗೆ ಮೈಗೆ ಹಿಡಿಸದೆ ಉಸಿರುಗಟ್ಟುವುದೂ ಉಂಟಂತೆ.

ಡ್ರಿಪ್ ಹಾಕುವ ದಿನ ಬೆಳಿಗ್ಗೆ ಆಸ್ಪತ್ರೆಯ ಕೌಂಟರಿನಲ್ಲಿ ಕೂತಿದ್ದ ಹೆಂಗಸು ಅರ್ಜಿಯನ್ನು ಅವಳ ಕಡೆ ತಳ್ಳಿದಳು. ಸೆಲ್ಲಕ್ಕ ಎಲ್ಲ ಸಾಲುಗಳನ್ನೂ ಪ್ರಯೋಗದ ಪುಸ್ತಕ ಬರೆದಷ್ಟೇ ಅಚ್ಚುಕಟ್ಟಾಗಿ ತುಂಬಿದಳು, ಕೊನೆಯದೊಂದನ್ನು ಬಿಟ್ಟು.

"ತುರ್ತಿಗೆ ಯಾರಿಗೆ ಹೇಳ್ಬೇಕು ಅನ್ನೋದು ಖಾಲಿ ಬಿಟ್ಟಿದೀರಲ್ಲ."

"ಅದು ಬೇಕೇಬೇಕಾ?"

"ಅದಿಲ್ದೆ ಡ್ರಿಪ್ ಹಾಕಲ್ಲಮ್ಮ. ಜೊತೇಲಿ ಯಾರು ಬಂದಿದಾರೆ?"

ಸೆಲ್ಲಕ್ಕ ಪೆನ್ನು ತೆಗೆದುಕೊಂಡು ತನಗೆ ಬಾಯಿಪಾಠವಿದ್ದ ಒಂದೇ ಫೋನ್ ಸಂಖ್ಯೆಯನ್ನು ಬರೆದಳು. ಕೌಂಟರಿನವಳು ಮೇಜಿನ ಫೋನಿನಿಂದ ಅಲ್ಲೇ ಆ ಸಂಖ್ಯೆ ಒತ್ತಿದಳು. ಜನ ಬಾಯಿಗೆ ಬಂದದ್ದು ಬರೆದು ಹೋಗುತ್ತಾರೆಂದು ಅಲ್ಲಿ ಅದೊಂದು ರೂಢಿ. ಫೋನ್ ಹೊಡೆದುಕೊಳ್ಳುತ್ತಲೇ ಇತ್ತು. ಹಿಂದೆ ಸಾಲಿನಲ್ಲಿ ನಿಂತವರು ಕೆಮ್ಮಿದರು.

"ಯಾರೂ ಎತ್ತುತಾ ಇಲ್ವಲ್ಲ. ಯಾರ ನಂಬರ್ ಇದು?"

"ನಾನು ಕೆಲಸ ಮಾಡೋ ಕೋಣೇದು" ಎಂದಳು ಸೆಲ್ಲಕ್ಕ. "ಅದನ್ನ ಎತ್ತೋಳು ನಾನೇ."

ಕೌಂಟರಿನವಳು ಫೋನು ಇಟ್ಟಳು. ಬೈಯುತ್ತಾಳೆಂದು ಸೆಲ್ಲಕ್ಕ ಕಾದಳು. ಅವಳು ಬೈಯಲಿಲ್ಲ, ದನಿ ತಗ್ಗಿಸಿ, "ನಿಮ್ಮನ್ನ ಬಿಟ್ಟು ಇನ್ನೊಬ್ಬರು ಬೇಕಮ್ಮ" ಎಂದಳು. ಒಬ್ಬಂಟಿತನ ಎಂದರೆ ಏನೆಂದು ಒಂಬತ್ತು ವರ್ಷದಲ್ಲಿ ಗೊತ್ತಾಗದಿದ್ದುದು ಆ ಒಂದು ಖಾಲಿ ಸಾಲಿನ ಮುಂದೆ ಗೊತ್ತಾಯಿತು. ಯಾರಿಗೂ ಭಾರವಾಗಬಾರದೆಂದು ಬದುಕಿದ್ದಳು, ಅದರಲ್ಲಿ ಪೂರ್ತಿ ಗೆದ್ದಿದ್ದಳು.

ಪಕ್ಕದ ಬೆಂಚಿಗೆ ಸರಿದು ಮೊಬೈಲು ತೆಗೆದಳು. ಬೆರಳು ನೆಟ್ಟಗಾಗದೆ ಗೆಣ್ಣಿನಿಂದಲೇ ಒತ್ತಬೇಕಾಯಿತು. ಎರಡನೇ ಸದ್ದಿಗೇ ಆ ಕಡೆಯಿಂದ ಓಡುತ್ತಲೇ ಮಾತಾಡುವ ದನಿ ಕೇಳಿಸಿತು.

"ಹೇಳಿ ಅಕ್ಕ! ಏನಾಯ್ತು, ಪೆಟ್ಟಿಗೆ ಬಿಸಿ ಇಳೀತಾ? ಏಳನೇ ದಾನಿ ತಟ್ಟೆ ಹೋಯ್ತಾ?"

"ಇಲ್ಲ ಕಣೇ. ತಟ್ಟೆ ಚೆನ್ನಾಗಿದೆ."

"ಮತ್ತೆ?"

ಮಗುವಿನ ಅಳು ಕೇಳಿತು, ಯಾವುದೋ ಬಾಗಿಲು ಮುಚ್ಚಿದ ಸದ್ದು ಕೇಳಿತು. ಗಡಿಬಿಡಿ ಅಪರೂಪಕ್ಕೆ ಸುಮ್ಮನೆ ನಿಂತು ಕಾಯುತ್ತಿದ್ದಳು. ಸೆಲ್ಲಕ್ಕ ಅರ್ಜಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಮುಂದಿನ ಮಾತನ್ನು ಯಾವ ಶಬ್ದದಿಂದ ಶುರು ಮಾಡುವುದೆಂದು ಹುಡುಕಿದಳು. ನಾಲ್ಕು ವರ್ಷದಲ್ಲಿ ಅವಳ ಜೊತೆ ಅಂಥದ್ದೊಂದು ವಾಕ್ಯ ಆಡಿದ ಅಭ್ಯಾಸವೇ ಇರಲಿಲ್ಲ.

"ಕೋಶದ ವಿಷಯ ಅಲ್ಲಮ್ಮ" ಎಂದಳು. "ನನ್ನ ವಿಷಯ."